ಆಡಿನ ಹಸಿರು ಪ್ರಾಜೆಕ್ಟು

ಫೋಟೊಗ್ರಫಿ ಕಲಿಯುತ್ತಿದ್ದ ಆಡೊಂದು ತನ್ನ ಸ್ವಂತ ಪ್ರಾಜೆಕ್ಟಿಗೆ ಕೆರೆ ಏರಿಯ ಮೇಲೆ ಆಗಷ್ಟೇ ಚಿಗುರಿದ್ದ ಬೋರೆ ಗಿಡವನ್ನು ಆರಿಸಿಕೊಂಡಿತು. ಮರುದಿನವೇ ಕಾಲೇಜಿನಲ್ಲಿ ಚಿತ್ರ ತೋರಿಸಬೇಕಿತ್ತು. ಯಾವ ಕೋನ, ಯಾವ ಬೆಳಕು ಎಂದು ಗಿಡದ ಬುಡದಲ್ಲೇ ನಿಂತು ಯೋಚಿಸತೊಡಗಿತು. ಬಾಯಾಡಿಸದೆ ಅದಕ್ಕೆ ಯೋಚನೆಯೇ ಓಡುತ್ತಿರಲಿಲ್ಲ.

ಬೆನ್ನ ಮೇಲೆ ಕೂತಿದ್ದ ಗೊರವಂಕ ಕೇಳಿತು: “ಆಡಕ್ಕಾ, ಕ್ಯಾಮೆರಾ ಇನ್ನೂ ಚೀಲದಲ್ಲೇ ಇದೆಯಲ್ಲ?”

“ಅವಸರ ಕಲೆಗೆ ಒಗ್ಗದು ತಮ್ಮಾ. ಯೋಜನೆ ಪಕ್ವವಾಗಲಿ.”

ಸಂಜೆಗೆ ಯೋಜನೆ ಪಕ್ವವಾಯಿತು. ಆಡು ಕ್ಯಾಮೆರಾ ತೆಗೆದು ಕಣ್ಣಿಗಿಟ್ಟರೆ ಎದುರಿಗೆ ಬರೀ ಮುಳ್ಳು.

“ಚಿಗುರನ್ನೆಲ್ಲ ತಿಂದವರು ಯಾರು?” ಎಂದು ಅದು ಗುಡುಗಿತು. ಅಷ್ಟರಲ್ಲಿ ಅದಕ್ಕೇ ಒಂದು ತೇಗು ಬಂತು.

ಆಡು ಕ್ಯಾಮೆರಾವನ್ನು ತನ್ನ ಹೊಟ್ಟೆಯತ್ತ ತಿರುಗಿಸಿತು. “ಇಡೀ ಪ್ರಾಜೆಕ್ಟು ಇದರೊಳಗೇ ಇದೆ ತಮ್ಮಾ. ಬೆಳಕಿನದೊಂದೇ ತೊಂದರೆ.”