ಎಲ್ಲಿಂದ, ಎಲ್ಲಿಗೆ

ಹೊಳೆ ದಂಡೆಯ ಒಂದು ಆಶ್ರಮದಲ್ಲಿ ಮರುಳಯ್ಯ ಅಂತ ಗುರುಗಳಿದ್ದರು. ಹೆಸರಿಗಷ್ಟೇ ಮರುಳು, ಆಸಾಮಿ ಬಲು ಚುರುಕು.

ಅವರ ಶಿಷ್ಯ ಕೊಟ್ರೇಶಿ. ಬುದ್ಧಿವಂತನೇ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಪುಕ್ಕಲ ಅಂದರೆ ಪುಕ್ಕಲ.

ಆಶ್ರಮದಲ್ಲಿ ಒಂದು ಕಂಪ್ಯೂಟರಿತ್ತು. ಮರುಳಯ್ಯನವರ ಗುರುಗಳು ಹಾಡಿದ ತತ್ವಪದಗಳು ಅದರ ಹಳೇ ಡಿಸ್ಕಿನಲ್ಲಿದ್ದವು. ಆ ಹಿರಿಯರು ತೀರಿಕೊಂಡು ಬಹಳ ಕಾಲವಾಗಿತ್ತು. ಅವರ ದನಿ ಬೇರೆಲ್ಲೂ ಉಳಿದಿರಲಿಲ್ಲ.

ಆ ಡಿಸ್ಕು ಈಗ ಕಟಕಟ ಅನ್ನತೊಡಗಿತ್ತು. ಅದು ಕೈಕೊಡುವ ಮೊದಲು ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಬೇಕಿತ್ತು.

“ನೀನೇ ಇಳಿಸು” ಅಂದರು ಗುರುಗಳು.

“ಅಯ್ಯಯ್ಯೋ, ನನ್ನ ಕೈಲಾಗಲ್ಲ ಗುರುಗಳೇ! ಎಲ್ಲಿಂದ, ಎಲ್ಲಿಗೆ ಅಂತ ಕಮಾಂಡು ಬರೀಬೇಕು. ಅವೆರಡು ಅದಲುಬದಲಾದರೆ ಮುಗೀತು. ಖಾಲಿ ಡಿಸ್ಕೇ ಹಾಡಿನ ಮೇಲೆ ಬಂದು ಕೂತು ಎಲ್ಲಾ ಅಳಿಸಿಹೋಗುತ್ತೆ.”

ಗುರುಗಳು ವಾದ ಮಾಡಲಿಲ್ಲ. ಅದೇ ಕಂಪ್ಯೂಟರಿನೊಳಗೆ ಎರಡನೇ ಆಪರೇಟಿಂಗ್ ಸಿಸ್ಟಂ ಒಂದನ್ನು ಹಾಕಿದರು. ಹೊರಗಿನದು ಹೇಗಿತ್ತೋ ಒಳಗಿನದೂ ಹಾಗೇ ಕಾಣುತ್ತಿತ್ತು.

“ಇದು ವರ್ಚುವಲ್ ಮಷೀನು. ಯಂತ್ರದೊಳಗೊಂದು ಯಂತ್ರ. ಇದರ ಡಿಸ್ಕುಗಳೂ ಹುಸಿ. ನೀನು ಏನೇ ಕೆಡಿಸು, ಹೊರಗಿನದಕ್ಕೆ ಗೊತ್ತೂ ಆಗಲ್ಲ.”

“ಇದರಲ್ಲೂ ಹಾಡಿದೆಯಾ?”

“ಇಲ್ಲ. ನಿನ್ನ ಗೊರಕೆ ಇದೆ. ಮೊನ್ನೆ ರೆಕಾರ್ಡ್ ಮಾಡಿದೆ.”

ಕೊಟ್ರೇಶಿ ಅಳುಕುತ್ತಲೇ ಶುರು ಮಾಡಿದ. ಅಂದುಕೊಂಡ ಹಾಗೇ ಅದಲುಬದಲು ಮಾಡಿದ. ಗೊರಕೆ ಅಳಿಸಿಹೋಯಿತು. ತಲೆ ಮೇಲೆ ಕೈ ಹೊತ್ತು ಕೂತ.

ಗುರುಗಳು ನಗುತ್ತಾ, ಹಿಂದಿನ ಸ್ಥಿತಿಗೆ ಮರಳುವ ಗುಂಡಿ ಒತ್ತಿದರು. ಗೊರಕೆ ವಾಪಸ್ಸು ಬಂತು.

“ಇಷ್ಟೇನಾ?”

“ಇಷ್ಟೇ. ಇನ್ನೊಂದ್ಸಲ ಕೆಡಿಸು, ನೋಡೋಣ.”

ಅವನು ಮನಸಾರೆ ಕೆಡಿಸಿದ. ಕೆಡಿಸುತ್ತಾ ಕೆಡಿಸುತ್ತಾ ಕೈ ಪಳಗಿತು. ಕೀಲಿ ಒತ್ತುವಾಗ ಗುನುಗುವುದೂ ಶುರುವಾಯಿತು.

“ಈಗ ಹೊರಗಿನದರಲ್ಲಿ ಮಾಡ್ತೀಯಾ?”

ಗುನುಗು ಗಪ್ಪನೆ ನಿಂತಿತು.

“ಇವತ್ತು ಬೇಡ ಗುರುಗಳೇ. ಇನ್ನೊಂದಿಷ್ಟು ದಿನ ಒಳಗೇ ಮಾಡ್ತೀನಿ.”

ದಿನಾ ಇದೇ ಉತ್ತರ. ಅತ್ತ ಹಳೇ ಡಿಸ್ಕಿನ ಕಟಕಟ ಜೋರಾಗುತ್ತಲೇ ಇತ್ತು. ಗುರುಗಳಿಗೆ ಊಟ ಸೇರದಾಯಿತು.

ಒಂದು ಬೆಳಿಗ್ಗೆ ಕೊಟ್ರೇಶಿ ಹೊಳೆಯಲ್ಲಿ ಮಿಂದು ಬಂದಾಗ ಗುರುಗಳು ಕಂಪ್ಯೂಟರಿನ ಪಕ್ಕ ಕೂತಿದ್ದರು.

“ಬಾ, ಶುರು ಮಾಡು.”

“ಇದು ಒಳಗಿನದು ತಾನೇ?”

“ನಿನಗೆ ಏನು ಕಾಣುತ್ತೆ?”

“ದಿನಾ ಕಾಣೋದೇ.”

“ಮತ್ತಿನ್ನೇನು!”

ಅವನು ಆರಾಮಾಗಿ ಕೂತು ಕಮಾಂಡು ಬರೆದ. ಎಲ್ಲಿಂದ ಅನ್ನೋದನ್ನು ನೋಡಿದ, ಎಲ್ಲಿಗೆ ಅನ್ನೋದನ್ನೂ ನೋಡಿದ, ಒತ್ತಿಯೇಬಿಟ್ಟ.

“ಗುರುಗಳೇ, ಇವತ್ತು ತಿಂಡಿಗೆ ಮಂಡಕ್ಕಿ ಒಗ್ಗರಣೆಯಂತೆ. ಮೆಣಸಿನಕಾಯಿ ಬಜ್ಜಿನೂ ಉಂಟಂತೆ.”

ಬಜ್ಜಿ ಅಂದರೆ ಪ್ರಾಣ ಬಿಡುವ ಗುರುಗಳು ಅವತ್ತು ಹೂಂ ಅನ್ನಲೂ ಇಲ್ಲ.

ಕೆಲಸ ಮುಗಿಯಿತು. ಗೊರಕೆ ಸರಿಯಾಗಿ ಬಂದಿದೆಯಾ ನೋಡೋಣ ಅಂತ ಕೊಟ್ರೇಶಿ ಹೊಸ ಡಿಸ್ಕಿನ ಒಂದು ಫೈಲು ತೆರೆದ.

ಗೊರಕೆ ಬರಲಿಲ್ಲ. ಒಬ್ಬ ಮುದುಕರು ಸಣ್ಣಗೆ ಕೆಮ್ಮಿದರು. ಆಮೇಲೆ ಏಕತಾರಿಯ ಜೊತೆ ಅವರ ಹಾಡು ಶುರುವಾಯಿತು. ಎಷ್ಟು ಚೆಂದದ ದನಿ!

ಕೊಟ್ರೇಶಿ ದಡಕ್ಕನೆ ಎದ್ದು ನಿಂತ.

“ಗುರುಗಳೇ! ಇದು ಹೊರಗಿನದು!”

“ಹೌದು.”

“ಒಂದು ಮಾತು ಹೇಳಬಾರದಿತ್ತಾ? ನಾನು ಬಜ್ಜಿ ಮಾತಾಡ್ತಾ ಒತ್ತಿಬಿಟ್ಟೆನಲ್ಲ! ತಪ್ಪಾಗಿದ್ದರೆ ನಿಮ್ಮ ಗುರುಗಳ ದನಿ ಹೋಗೇಬಿಡ್ತಿತ್ತು! ನಿಮಗೂ ಈ ಕೆಲಸ ಬರುತ್ತಲ್ಲ, ನೀವೇ ಕೂತು ಮಾಡಬಾರದಿತ್ತಾ?”

ಮರುಳಯ್ಯನವರು ಕಣ್ಣೊರೆಸಿಕೊಂಡು ಜೋರಾಗಿ ನಕ್ಕರು.

“ಹೇಗೆ ಮಾಡಲೋ ತಮ್ಮಾ? ಇದು ಹೊರಗಿನದು ಅಂತ ನನಗೆ ಗೊತ್ತಿತ್ತಲ್ಲ!”