ದೊಡ್ಡವ್ವನಿಗೆ ಉಡಿ ತುಂಬಿದ್ದು

“ಗುರುಗಳೇ, ನಮ್ಮನ್ನು ಕಾಪಾಡಿದ್ದನ್ನು ನಾವೇ ಇನ್ನು ಸಾಕು ಎಂದು ಕೆಳಗಿಳಿಸುವುದು ಕೃತಘ್ನತೆಯಲ್ಲವೇ? ಇಳಿಸಲೇಬೇಕು ಎಂದಾದರೆ, ಆ ದಿನ ಬಂತು ಎಂದು ತಿಳಿಯುವುದಾದರೂ ಹೇಗೆ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಅವರಿಗೆ ನಗು ಬಂತು. “ಒಂದೇ ಉಸಿರಿನಲ್ಲಿ ಎರಡು ಪ್ರಶ್ನೆ ಕೇಳಿಬಿಟ್ಟೆ. ನನ್ನ ಹತ್ತಿರ ಇರುವುದು ಒಂದೇ ಕತೆ. ಅದರಲ್ಲಿ ರಾಜನೂ ಇಲ್ಲ, ಆನೆಯೂ ಇಲ್ಲ. ಒಂದು ವಿಮಾನ ಇದೆ. ನಡೆದೀತೇ?” ಎಂದರು. ಶಿಷ್ಯ ತಲೆಯಾಡಿಸಿದ. ಗುರುಗಳು ಹೇಳತೊಡಗಿದರು.

ಒಂದು ನಾಡಿನ ಗಡಿಯಲ್ಲಿ ವಾಯುಸೇನೆಯ ನೆಲೆಯೊಂದಿತ್ತು. ಅದಕ್ಕೊಬ್ಬ ದಳಪತಿ. ಪ್ರಾಯದಲ್ಲಿ ಅವನೂ ಯುದ್ಧವಿಮಾನ ಹಾರಿಸಿದವನೇ. ಯುದ್ಧದ ಕಾಲದಲ್ಲಿ ಶತ್ರುಗಳ ಗುಂಡು ತಗಲಿ ಅವನ ವಿಮಾನದ ಬಾಲ ಅರ್ಧ ಹರಿದುಹೋಯಿತು. ಎಣ್ಣೆ ಸೋರಿತು. ಕೂತ ಜಾಗದಲ್ಲೆಲ್ಲ ಹೊಗೆ ತುಂಬಿತು. ತನ್ನ ಕತೆ ಮುಗಿಯಿತು ಎಂದು ಅವನು ಮನೆದೇವರನ್ನು ನೆನೆದ. ವಿಮಾನ ಮಾತ್ರ ಬೀಳಲಿಲ್ಲ. ಕುಂಟುತ್ತ, ಕೆಮ್ಮುತ್ತ, ಬೆಟ್ಟ ದಾಟಿಸಿ ಅವನನ್ನು ತಂದು ನೆಲೆಯಲ್ಲಿ ಇಳಿಸಿತು. ಕೆಳಗಿಳಿದವನೇ ಕೈಮುಗಿದು ಅದರ ಮೂತಿಗೆ ಹಣೆ ಹಚ್ಚಿ ಮಗುವಿನ ಹಾಗೆ ಅತ್ತ.

ಅಂದಿನಿಂದ ನೆಲೆಯವರೆಲ್ಲ ಆ ವಿಮಾನವನ್ನು ದೊಡ್ಡವ್ವ ಎಂದು ಕರೆದರು. ಕಷ್ಟದ ಹೊತ್ತಿನಲ್ಲಿ ತಂಗಿಯ ಮಕ್ಕಳನ್ನು ಸೊಂಟಕ್ಕೆತ್ತಿಕೊಂಡು ಮನೆ ಮುಟ್ಟಿಸುವವಳು ದೊಡ್ಡವ್ವ ತಾನೇ. ದಳಪತಿಯ ಹೆಂಡತಿಯಂತೂ ‘ನನ್ನ ತಾಳಿ ಉಳಿಸಿದಾಕಿ’ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದಳು. ಆಯುಧಪೂಜೆಯ ದಿನ ಮನೆಯ ದೇವರಿಗಿಂತ ಮೊದಲು ಅವಳ ಹೂವು ದೊಡ್ಡವ್ವನ ಮೂತಿಗೆ ಬೀಳುತ್ತಿತ್ತು. ದೇವರು ಬೇಸರಿಸಿಕೊಂಡ ಹಾಗೆ ಕಾಣಲಿಲ್ಲ.

ಯುದ್ಧ ಮುಗಿಯಿತು. ವರ್ಷಗಳು ಉರುಳಿದವು. ದಳಪತಿಯ ಜೊತೆ ಹಾರಿದವರೆಲ್ಲ ನಿವೃತ್ತರಾಗಿ ಊರು ಸೇರಿದರು. ಅವರು ಹಾರಿಸಿದ ವಿಮಾನಗಳು ಮಾತ್ರ ನಿವೃತ್ತಿ ಕಾಣಲಿಲ್ಲ. ಅವನ್ನು ಮಾಡಿದ ಕಾರ್ಖಾನೆ ಬಾಗಿಲು ಮುಚ್ಚಿತು. ಬಿಡಿಭಾಗ ಸಿಗದೆ, ಕೆಟ್ಟು ನಿಂತ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಿದರು. ಹೊಸ ಬಣ್ಣ ಬಳಿದರು. ಅವು ಮತ್ತೆ ಹಾರಿದವು.

ಲೋಹಕ್ಕೂ ದಣಿವುಂಟು. ಮನುಷ್ಯ ದಣಿದರೆ ನರಳುತ್ತಾನೆ. ಎತ್ತು ದಣಿದರೆ ನೊಗದಲ್ಲೇ ಕೂತುಬಿಡುತ್ತದೆ. ಲೋಹಕ್ಕೆ ಆ ಜಾಣತನ ಇಲ್ಲ. ಮುರಿಯುವ ಗಳಿಗೆಯವರೆಗೂ ಅದು ಗಟ್ಟಿಯಾಗಿಯೇ ಕಾಣುತ್ತದೆ.

ಒಮ್ಮೆ ದೊಡ್ಡವ್ವನ ಓರಗೆಯ ಒಂದು ವಿಮಾನ ಅಭ್ಯಾಸದ ಹಾರಾಟದಲ್ಲಿ ಬಿತ್ತು. ಹಾರಿಸುತ್ತಿದ್ದ ಹುಡುಗ ಉಳಿಯಲಿಲ್ಲ. ವಿಚಾರಣೆ ನಡೆದು, ಹುಡುಗನದೇ ತಪ್ಪು ಎಂದು ತೀರ್ಮಾನವಾಯಿತು. ಮುಂದಿನ ವರ್ಷ ಇನ್ನೊಂದು ಬಿತ್ತು. ಇನ್ನೊಬ್ಬ ಹುಡುಗ ಹೋದ. ಅವನದೂ ತಪ್ಪೇ ಎಂದಾಯಿತು. ಎರಡು ಸಲವೂ ವಿಚಾರಣೆಯ ವರದಿಗೆ ದಳಪತಿ ರುಜು ಹಾಕಿದ. ಯಾರಿಗೋ ಅನ್ಯಾಯ ಮಾಡಬೇಕೆಂದು ಹಾಕಿದ್ದಲ್ಲ. ಅರ್ಧ ಬಾಲದಲ್ಲಿ ತನ್ನನ್ನು ಮನೆಗೆ ತಂದ ವಿಮಾನದ ಜಾತಿ, ಇಡೀ ಬಾಲ ಇದ್ದಾಗ ಹುಡುಗರನ್ನು ಬೀಳಿಸೀತು ಎಂದರೆ ಅವನ ಮನಸ್ಸು ಒಪ್ಪಲೇ ಇಲ್ಲ. ಉಪಕಾರ ಪಡೆದವನ ಕಣ್ಣು ಅದು. ಅದಕ್ಕೆ ಕಾಣುವುದು ಕಡಿಮೆ.

ಅಷ್ಟರಲ್ಲಿ ರಾಜಧಾನಿಯಿಂದ ಕರೆ ಬಂತು. ಹೊಸ ವಿಮಾನಗಳು ಬರುವುದು ಇನ್ನೂ ತಡವಾಗುತ್ತದೆ. ಹಳೆಯವನ್ನು ಮತ್ತೆ ಕೆಲವು ವರ್ಷ ಹಾರಿಸೋಣವೇ, ನಿಲ್ಲಿಸೋಣವೇ? ಹಾರಿಸುವವನ ಮಾತೇ ಕೊನೆಯ ಮಾತಾಗಲಿ, ದಳಪತಿ ಬಂದು ಹೇಳಲಿ ಎಂದರು.

ಅವನಿಗೆ ಧರ್ಮಸಂಕಟ. ಬೇಡ ಎಂದರೆ ಗಡಿಯ ಆಕಾಶ ಬರಿದಾಗುತ್ತದೆ. ಹಾರುವುದನ್ನು ಕಲಿಯುತ್ತಿರುವ ಹುಡುಗರ ಕೈ ಜಡ್ಡುಗಟ್ಟುತ್ತದೆ. ಹೂಂ ಎಂದರೆ ಆ ಹುಡುಗರೇ ಅದರಲ್ಲಿ ಕೂತು ಮೇಲೇರಬೇಕು. ಆದರೂ ಅವನ ಮನಸ್ಸು ಹೂಂ ಎನ್ನುವ ಕಡೆಗೇ ವಾಲಿತ್ತು. ನನ್ನನ್ನು ಕೈಬಿಡದವಳನ್ನು ನಾನು ಹೇಗೆ ಕೈಬಿಡಲಿ ಎಂದು ಅವನು ತನಗೆ ತಾನೇ ಹೇಳಿಕೊಂಡ.

ರಾಜಧಾನಿಗೆ ಹೊರಡುವ ಮುನ್ನ ಒಂದು ಬೆಳಿಗ್ಗೆ ಅವನು ದೊಡ್ಡವ್ವನನ್ನು ನೋಡಲು ಹೋದ. ಆಕಾಶ ತಿಳಿಯಾಗಿತ್ತು. ಗಾಳಿ ಇರಲಿಲ್ಲ. ಒಬ್ಬ ತರುಣ ಪೈಲಟ್ ದೊಡ್ಡವ್ವನನ್ನು ಏರಿ ಅಭ್ಯಾಸಕ್ಕೆ ಹೊರಟ. ವಿಮಾನ ಗುಡುಗುತ್ತ ಮೇಲೆದ್ದಿತು. ದಳಪತಿ ಹಳೆಯ ವಾಡಿಕೆಯಂತೆ ಕ್ಯಾಂಟೀನಿನ ಕಡೆ ನಡೆದ. ಅವನ ಕಾಲದಲ್ಲಿ ವಿಮಾನ ಏರಿದ ಸದ್ದೇ ಚಹಾದ ಗಂಟೆ. ಅದು ನೆಲ ಬಿಟ್ಟಿತೋ ಇಲ್ಲವೋ, ಕೆಳಗೆ ದುಡಿಯುವವರೆಲ್ಲ ಕೈ ಒರೆಸಿಕೊಂಡು ಕ್ಯಾಂಟೀನಿಗೆ ನುಗ್ಗುತ್ತಿದ್ದರು. ಅದು ಯಾವಾಗ ಇಳಿಯಿತು ಎಂದು ಎಷ್ಟೋ ಸಲ ಅವರಿಗೆ ಗೊತ್ತೂ ಆಗುತ್ತಿರಲಿಲ್ಲ.

ಅವತ್ತು ಕ್ಯಾಂಟೀನಿನಲ್ಲಿ ನರಪಿಳ್ಳೆ ಇರಲಿಲ್ಲ. ಚಹಾ ಕುದಿದು ಆರುತ್ತಿತ್ತು. ಚಹಾ ಮಾಡುವವನೂ ಹೊರಗೆ ನಿಂತು ಆಕಾಶ ನೋಡುತ್ತಿದ್ದ.

“ಯಾಕಪ್ಪಾ, ಯಾರೂ ಚಹಾಕ್ಕ ಬಂದೇ ಇಲ್ಲಲ್ಲ?” ಎಂದು ದಳಪತಿ ಕೇಳಿದ.

“ಅಕಿ ಇಳೀಲಿ ತಡೀರಿ ಸಾಹೇಬ್ರ. ಆಮ್ಯಾಲೆ ಕುಡೀತಾರ. ಈಗೀಗ ಹಂಗ ಆಗೈತಿ.”

“ಹಂಗಂತ ಯಾರ ಹೇಳಿದ್ರು?”

“ಯಾರೂ ಹೇಳಿಲ್ರಿ. ಗಂಟಲದಾಗ ಇಳಿಯಂಗಿಲ್ಲ, ಅಷ್ಟ.”

ದಳಪತಿ ತಿರುಗಿ ನೋಡಿದ. ಮೆಕ್ಯಾನಿಕ್‌ಗಳು, ಇಂಧನ ತುಂಬುವವರು, ಬೆಂಕಿ ಆರಿಸುವ ಲಾರಿಯ ಚಾಲಕ, ಎಲ್ಲರೂ ಬಿಸಿಲಲ್ಲಿ ನಿಂತಿದ್ದರು. ಅವನಿಗೂ ಒಳಗೆ ಕೂರುವುದಾಗಲಿಲ್ಲ. ಅವರ ಜೊತೆ ಹೋಗಿ ನಿಂತ. ತಾನು ದಳಪತಿ ಎನ್ನುವುದು ಮರೆತು ಹೋಗಿ, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸಿನ ಹಾಗೆ ಸುಮ್ಮನೆ ಕಾದ.

ಕೊನೆಗೆ ದೊಡ್ಡವ್ವ ಕಾಣಿಸಿಕೊಂಡಳು. ಕೆಳಗೆ ಬಂದಳು. ಚಕ್ರ ನೆಲ ಮುಟ್ಟಿತು. ನಿಂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಒಬ್ಬ ಓಡಿಹೋಗಿ ಅದರ ಹೊಟ್ಟೆ ಸವರಿದ. ಒಬ್ಬ ತೋಳಿನಿಂದ ಕಣ್ಣೊರೆಸಿಕೊಂಡ. ಉಳಿದವರೆಲ್ಲರ ಕೈ ಮುಗಿದಿತ್ತು. ತರುಣ ಪೈಲಟ್ ನಗುತ್ತ ಇಳಿದು ಬಂದು, “ಕರಕೊಂಡು ಬಂದ್ಲರಿ ಸರ್ ದೊಡ್ಡವ್ವ! ಅಕಿ ಉಪಕಾರ ದೊಡ್ಡದು” ಎಂದ.

ದಳಪತಿ ತನ್ನ ಕೈಗಳನ್ನು ನೋಡಿಕೊಂಡ. ಅವೂ ಮುಗಿದಿದ್ದವು. ಯುದ್ಧದ ದಿನ ಅವನು ಕೈಮುಗಿದದ್ದು ನಿಜ. ಅವತ್ತು ದೊಡ್ಡವ್ವ ಅವನನ್ನು ಶತ್ರುವಿನ ಗುಂಡಿನಿಂದ ಕಾಪಾಡಿ ತಂದಿದ್ದಳು. ಇವತ್ತು ಶತ್ರು ಇರಲಿಲ್ಲ. ಮಳೆ, ಮಂಜು, ಗಾಳಿ ಯಾವುದೂ ಇರಲಿಲ್ಲ. ಈ ಹುಡುಗನನ್ನು ಅವಳು ಯಾರಿಂದ ಕಾಪಾಡಿ ತಂದಳು ಎಂದು ಇಷ್ಟು ಜನ ಕೈಮುಗಿದು ನಿಂತಿದ್ದಾರೆ?

ಉತ್ತರ ಅವನಿಗೆ ಹೊಳೆಯಿತು. ಅವಳಿಂದಲೇ. ದೊಡ್ಡವ್ವ ಆ ಹುಡುಗನನ್ನು ತನ್ನಿಂದಲೇ ಕಾಪಾಡಿ ತಂದಿದ್ದಳು. ಮನೆಗೆ ಬರುವುದು ಮಾಮೂಲಿ ಎನ್ನಿಸುವವರೆಗೂ ಜನ ಚಹಾ ಕುಡಿಯಲು ಹೋಗುತ್ತಾರೆ. ಬಂದದ್ದೇ ದೊಡ್ಡದು ಎನ್ನಿಸತೊಡಗಿದಾಗ ನಿಂತು ಕಾಯುತ್ತಾರೆ. ನೆಲೆಯವರಿಗೆಲ್ಲ ಒಳಗೊಳಗೇ ಗೊತ್ತಾಗಿತ್ತು. ಯಾರೂ ಬಾಯಿಬಿಟ್ಟಿರಲಿಲ್ಲ. ಉಪಕಾರದ ನೆನಪು ಎಲ್ಲರ ಬಾಯಿ ಕಟ್ಟಿತ್ತು.

ದಳಪತಿ ರಾಜಧಾನಿಗೆ ಹೋದ. ಹಳೆಯ ವಿಮಾನಗಳು ಇನ್ನು ಹಾರಬಾರದು ಎಂದ. ಸೇನಾಧಿಪತಿಗೆ ಆಶ್ಚರ್ಯವಾಯಿತು.

“ಏನು ದೋಷ ಕಂಡಿತು?”

“ಏನೂ ಕಂಡಿಲ್ಲ ಸರ್.”

“ಮತ್ತೆ ಯಾವ ಆಧಾರದ ಮೇಲೆ ನಿಲ್ಲಿಸಲಿ?”

“ಆಧಾರ ಕೊಡಲಾರೆ. ನನ್ನ ನೆಲೆಯಿಂದ ಅವು ಇನ್ನು ಏಳುವುದಿಲ್ಲ. ಏಳಲೇಬೇಕು ಎಂದಾದರೆ ನನ್ನ ಜಾಗಕ್ಕೆ ಬೇರೆಯವರನ್ನು ಕಳಿಸಿ.”

ಸೇನಾಧಿಪತಿ ಸಿಟ್ಟಾದ. ಬೈದ. ಸುತ್ತ ಕೂತಿದ್ದವರು ದಳಪತಿಯನ್ನು ಪುಕ್ಕಲ ಎಂದರು. ಆದರೆ ಅರ್ಧ ಬಾಲದ ವಿಮಾನದಲ್ಲಿ ಬೆಟ್ಟ ದಾಟಿ ಬಂದವನನ್ನು ಪುಕ್ಕಲ ಎಂದು ಬಹಳ ಹೊತ್ತು ಅನ್ನುವುದು ಕಷ್ಟ. ಕೊನೆಗೆ ಒಪ್ಪಿದರು. ಏಳುವ ಮುನ್ನ ದಳಪತಿ ಇನ್ನೊಂದು ಮಾತು ಹೇಳಿದ. ಸತ್ತ ಇಬ್ಬರು ಹುಡುಗರ ತಪ್ಪೋ, ವಿಮಾನದ ತಪ್ಪೋ ನಮಗೆ ಗೊತ್ತಿಲ್ಲ ಎಂದು ಆ ವರದಿಗಳನ್ನು ತಿದ್ದಬೇಕು ಎಂದ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ರುಜು ಹಾಕಿದವನು ನಾನೇ ಎಂದು ಒಪ್ಪಿಕೊಂಡ. ಅದನ್ನೂ ತಿದ್ದಿದರು.

ಮನೆಗೆ ಬಂದರೆ ಹೆಂಡತಿ ಮುಖ ಕೊಡಲಿಲ್ಲ. “ಇಷ್ಟು ವರ್ಷ ದುಡಿಸ್ಕೊಂಡು ಈಗ ಮೂಲಿಗೆ ಹಾಕ್ತೀರೇನು? ನನ್ನ ತಾಳಿ ಉಳಿಸಿದಾಕಿ ಅಕಿ” ಎಂದಳು.

“ಹೌದು. ನಿನ್ನ ತಾಳಿ ಉಳಿಸಿದಾಕಿ ಕೈಯಿಂದ ಇನ್ನೊಬ್ಬಾಕಿ ತಾಳಿ ಹರೀಬಾರದು. ಅದಕ್ಕ ಇಳಿಸಾಕತ್ತೀನಿ.”

ಅವಳು ಎದ್ದು ಟ್ರಂಕು ತೆಗೆದು, ತನ್ನ ಮದುವೆಗೆ ತವರಿನವರು ಕೊಟ್ಟಿದ್ದ ಒಂದು ರವಿಕೆಯ ಖಣವನ್ನು ಹುಡುಕಿ ಹೊರಗಿಟ್ಟಳು.

ದೊಡ್ಡವ್ವನ ಬೀಳ್ಕೊಡುಗೆಗೆ ದಿನ ಗೊತ್ತಾಯಿತು. ಬ್ಯಾಂಡು ಬಾರಿಸಿ ಒಂದು ಕೊನೆಯ ಹಾರಾಟ ಮಾಡಿಸೋಣ, ಜನ ನೋಡಲಿ ಎಂದು ಅಧಿಕಾರಿಗಳು ಆಸೆಪಟ್ಟರು. ದಳಪತಿ ಒಪ್ಪಲಿಲ್ಲ. ಕೊನೆಯ ಹಾರಾಟ ಆಗಿಹೋಗಿದೆ, ಅವತ್ತು ನಮಗೆ ಅದು ಗೊತ್ತಿರಲಿಲ್ಲ ಅಷ್ಟೇ ಎಂದ. ಬ್ಯಾಂಡು ಬೇಕಾದಷ್ಟು ಬಾರಿಸಿ, ವಿಮಾನ ನೆಲದ ಮೇಲೇ ಇರಲಿ ಎಂದ.

ಆ ದಿನ ನೆಲೆಯವರೆಲ್ಲ ಸೇರಿ ದೊಡ್ಡವ್ವನನ್ನು ತೊಳೆದರು. ಊರು ಸೇರಿದ್ದ ಮುದುಕ ಪೈಲಟ್‌ಗಳು ಕೋಲೂರಿಕೊಂಡು ಬಂದರು. ಒಬ್ಬೊಬ್ಬರೂ ರೆಕ್ಕೆ ಮುಟ್ಟಿ ತಮ್ಮ ತಮ್ಮ ಕತೆ ಹೇಳಿಕೊಂಡರು. ಮನೆಯಿಂದ ಹೆಣ್ಣುಮಕ್ಕಳನ್ನು ಕಳಿಸುವಾಗ ಮಡಿಲಿಗೆ ಉಡಿ ತುಂಬಿ ಕಳಿಸುವುದು ಆ ನಾಡಿನ ರೂಢಿ. ದಳಪತಿಯ ಹೆಂಡತಿ ಪೈಲಟ್ ಕೂರುವ ಜಾಗದಲ್ಲಿ ಆ ಖಣ ಹಾಸಿದಳು. ಅದರ ಮೇಲೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಇಟ್ಟಳು. “ದಣದೀಯವ್ವಾ, ಇನ್ನ ಕುಂದ್ರು” ಎಂದಳು.

ಅವಳ ಹಿಂದೆ ಇನ್ನೊಬ್ಬ ಹೆಂಗಸು ಏಣಿ ಹತ್ತಿ ಬಂದಳು. ಮೊದಲು ಸತ್ತ ಹುಡುಗನ ತಾಯಿ. ಅವಳನ್ನು ಕಂಡು ದಳಪತಿ ತಲೆ ತಗ್ಗಿಸಿದ. ವಿಮಾನದೊಳಗೆ ಬಹಳ ಹೊತ್ತು ನೋಡಿದಳು. ಮಗ ಕೂರುತ್ತಿದ್ದಂಥ ಜಾಗ ಎಷ್ಟು ಇಕ್ಕಟ್ಟು ಎಂದು ಅವಳು ನೋಡಿದ್ದು ಅದೇ ಮೊದಲು. ಒಂದು ಹಿಡಿ ಅಕ್ಕಿ ತೆಗೆದು ಉಡಿಗೆ ಹಾಕಿ ಇಳಿದು ಹೋದಳು. ಹೋಗುವಾಗ ಅಲ್ಲಿ ನಿಂತಿದ್ದ ಹುಡುಗ ಪೈಲಟ್‌ಗಳ ಗದ್ದ ಹಿಡಿದು ಮಾತಾಡಿಸಿದಳು. ದಳಪತಿಗೆ ತನ್ನ ಜೀವ ಉಳಿದ ದಿನಕ್ಕಿಂತ ಆ ಗಳಿಗೆಯೇ ದೊಡ್ಡದು ಎನ್ನಿಸಿತು. ಯಾರಿಗೆ ಎಂದು ಗೊತ್ತಾಗದಿದ್ದರೂ ಮನಸ್ಸಿನಲ್ಲೇ ಕೈಮುಗಿದ.

ಆಮೇಲೆ ಕೆಲಕಾಲ ನೆಲೆ ಭಣಗುಟ್ಟಿತು. ಹುಡುಗರು ಬೇರೆ ನೆಲೆಗಳಿಗೆ ಹೋಗಿ ಎರವಲು ವಿಮಾನಗಳಲ್ಲಿ ಕೈ ಪಳಗಿಸಿಕೊಂಡರು. ಆಡಿಕೊಳ್ಳುವವರು ಆಡಿಕೊಂಡರು. ಗಡಿ ಕಾಯುವವರಿಗೆ ನಿದ್ದೆ ಕಡಿಮೆಯಾಯಿತು. ಹೊಸ ವಿಮಾನಗಳು ತಡವಾಗಿ ಬಂದವು. ಆದರೂ ಬಂದವು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಯೋಚಿಸಿದ. ಅವನಿಗೆ ಏನೋ ಒಂದು ಕೊರತೆ ಎನ್ನಿಸಿತು.

“ಗುರುಗಳೇ, ದಳಪತಿ ಅವಸರ ಮಾಡಿರಲೂಬಹುದಲ್ಲ. ನಿಲ್ಲಿಸದೆ ಇದ್ದಿದ್ದರೆ ದೊಡ್ಡವ್ವ ಇನ್ನೂ ಎಷ್ಟು ವರ್ಷ ಹಾರುತ್ತಿದ್ದಳು?”

“ಅದು ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ, ಅದಕ್ಕೇ ಆ ಹುಡುಗರೆಲ್ಲ ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ” ಎಂದರು ಗುರುಗಳು.