ಎಲೆಯಂಚಿನಲ್ಲಿ ನಿಲ್ಲುವ ಇರುವೆ

ಲೋಕ ಇನ್ನೂ ಹೊಸದಾಗಿದ್ದಾಗ ಅಮೆಜಾನ್ ನದಿಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಸಿಕ್ಕ ಸಿಕ್ಕ ಮರವನ್ನು ಕೇಳಿಕೊಂಡು ಹರಿಯುತ್ತಿತ್ತು.

ಆ ನದಿಯ ದಡದಲ್ಲಿ ಕೆಂಪವ್ವ ಎಂಬ ಇರುವೆ ಇದ್ದಳು. ಒಮ್ಮೆ ಬಿರುಗಾಳಿಗೆ ಮುದಿ ಮರವೊಂದು ಉರುಳಿತು. ಅದರ ಬುಡದಲ್ಲಿ ಬಿಳಿ ಅಣಬೆಮರಿಯೊಂದು ಒಂಟಿಯಾಗಿ ನಡುಗುತ್ತಿತ್ತು. ಕೆಂಪವ್ವ ಅದನ್ನು ಮೆಲ್ಲಗೆ ಕಚ್ಚಿಕೊಂಡು ನೆಲದಡಿಯ ತನ್ನ ಮನೆಗೆ ತಂದಳು.

ಅಣಬೆಮರಿಗೆ ಕಾಲಿಲ್ಲ, ಊಟ ಹುಡುಕಿಕೊಂಡು ಹೋಗಲಾರದು. ಕೆಂಪವ್ವನೇ ದಿನವೂ ಎಲೆ ಕತ್ತರಿಸಿ, ಹೊತ್ತು ತಂದು, ಅಗಿದು ಮೆತ್ತಗೆ ಮಾಡಿ ಉಣಿಸುವಳು. ಮರಿ ಹತ್ತಿಯಂತೆ ಉಬ್ಬಿ ಬೆಳೆಯಿತು. ಅವಳನ್ನು "ಅವ್ವಾ" ಎನ್ನತೊಡಗಿತು.

"ಏನೇ ಕೆಂಪಿ, ಹೊತ್ತು ಹೊತ್ತು ನಿನ್ನ ಕತ್ತೇ ಕಾಣೋದಿಲ್ಲವಲ್ಲೇ!" ಎಂದು ಎಲೆ ಮೇಯುವ ಜೀರುಂಡೆ ನಗುವುದು.

"ನಿನಗೇನಪ್ಪ, ಒಂದೇ ಹೊಟ್ಟೆ. ನನಗೆ ಎರಡು," ಎನ್ನುವಳು ಕೆಂಪವ್ವ.

ಒಂದು ದಿನ ಮಳೆ ಹಿಡಿದಿತ್ತು. ಹತ್ತಿರದ ಎಲೆಯೆಲ್ಲ ಮುಗಿದಿತ್ತು. ಕೆಂಪವ್ವ ಬಹುದೂರ ಹೋಗಿ, ಎಂದೂ ಕಾಣದ ಮರವೊಂದನ್ನು ಹತ್ತಿದಳು. ಎಲೆ ಮಿರಮಿರ ಮಿಂಚುತ್ತಿತ್ತು. ಒಂದು ಚೂರು ಅಗಿದು ನೋಡಿದಳು, ಏನೂ ಆಗಲಿಲ್ಲ. ತನಗೆ ಒಗ್ಗಿದ್ದು ಮರಿಗೂ ಒಗ್ಗೀತು ಎಂದುಕೊಂಡು ದೊಡ್ಡ ತುಂಡನ್ನೇ ತಂದಳು.

ಮರಿ ಉಂಡಿತು. ಮಾತಿಲ್ಲದೆ ಉಂಡಿತು. ಮರುದಿನ ಅದರ ಬಿಳಿ ಮೈ ಕಂದುಬಣ್ಣಕ್ಕೆ ತಿರುಗಿತ್ತು.

"ಕಹಿಯಿತ್ತವ್ವಾ," ಎಂದಿತು.

"ಉಗುಳಬಾರದಿತ್ತೇ ಮಗಾ? ಯಾಕೆ ಹೇಳಲಿಲ್ಲ?"

"ಅಷ್ಟು ದೂರದಿಂದ ಹೊತ್ತು ತಂದಿದ್ದೆಯಲ್ಲ."

ಕೆಂಪವ್ವ ನದಿಯ ಬಳಿಗೆ ಓಡಿದಳು. "ನೀರು ಕೊಡಬಲ್ಲೆ ತಾಯಿ," ಎಂದಿತು ನದಿ. "ಹೋಗುತ್ತಿರುವುದನ್ನು ನಿಲ್ಲಿಸುವುದು ನನಗೆ ಗೊತ್ತಿಲ್ಲ." ಅವಳು ಮರಳುವಷ್ಟರಲ್ಲಿ ಮರಿ ಸುಮ್ಮನಾಗಿತ್ತು.

ಜೀರುಂಡೆ ಅಂದು ನಗಲಿಲ್ಲ. ಬಾಗಿಲಲ್ಲಿ ಇಣುಕಿ, "ಕೆಂಪಕ್ಕಾ, ಆ ಮೂಲೆಯಲ್ಲಿ ಮರಿಯ ಮೈಯ ಒಂದು ಚೂರು ಇನ್ನೂ ಬೆಳ್ಳಗಿದೆ ನೋಡು," ಎಂದಿತು.

ಆ ಚೂರನ್ನು ಕೆಂಪವ್ವ ಬೇರೆ ಕೋಣೆಗೆ ಒಯ್ದಳು. ಅದು ಬದುಕಿತು, ಬೆಳೆಯಿತು. ಆದರೆ ಮತ್ತೆಂದೂ "ಅವ್ವಾ" ಎನ್ನಲಿಲ್ಲ. ಸಿಹಿಯೋ ಕಹಿಯೋ, ಹೇಳಲಿಲ್ಲ.

"ಇದು ಬಾಯಿಬಿಟ್ಟು ಹೇಳುವುದಿಲ್ಲ," ಎಂದಳು ಕೆಂಪವ್ವ, ಮುಂದೆ ತನಗೆ ಹುಟ್ಟಿದ ಹೆಣ್ಣುಮಕ್ಕಳಿಗೆ. ಕಹಿ ಎಲೆಯ ವಾಸನೆಯನ್ನು ಒಬ್ಬೊಬ್ಬಳಿಗೂ ತೋರಿಸಿದಳು. "ಇನ್ನು ಮೇಲೆ ಎಲೆಯನ್ನೇ ಕೇಳಿ ತನ್ನಿರಿ."

ಅದಕ್ಕೇ ಈಗಲೂ ಆ ಕಾಡಿನಲ್ಲಿ ಎಲೆ ಕತ್ತರಿಸಲು ಬಂದ ಇರುವೆ, ಎಲೆಯ ಅಂಚನ್ನು ಮೀಸೆಯಿಂದ ಸವರುತ್ತ ಕೊಂಚ ಹೊತ್ತು ನಿಲ್ಲುತ್ತಾಳೆ; ಕೆಲವು ಮರಗಳಿಂದ, ಅವು ಎಷ್ಟೇ ಹಸಿರಾಗಿದ್ದರೂ, ಬರಿಗೈಯಲ್ಲಿ ಇಳಿದುಬಿಡುತ್ತಾಳೆ.